ವಿಜ್ಞಾನೇಶ್ವರ

ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ: ಕ್ರಿ.ಶ. 1076–1126) ಕಾಲದ ಧರ್ಮಶಾಸ್ತ್ರ ಪಂಡಿತ. ಯಾಜ್ಞವಲ್ಕ್ಯ ಸ್ಮೃತಿಗೆ ಈತ ಸಂಸ್ಕೃತದಲ್ಲಿ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವು ಭಾರತದ ಬಹುಭಾಗದಲ್ಲಿ ಹಿಂದೂ ಕಾನೂನಿನ ಆಧಾರಗ್ರಂಥವಾಗಿ ಮಾನ್ಯತೆ ಪಡೆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಸಿದ್ಧಾಂತದಿಂದ ಈತ ಪ್ರಸಿದ್ಧನಾಗಿದ್ದಾನೆ. ಇದೇ ಗ್ರಂಥದಲ್ಲಿ ಮದ್ಯಪಾನದಿಂದ ಉಂಟಾಗುವ ಸಾಲ, ಅಮಲಿನಲ್ಲಿ ಮಾಡಿದ ವ್ಯವಹಾರ, ಕುಡಿದವರ ಸಾಕ್ಷ್ಯ ಮೊದಲಾದವುಗಳ ಕುರಿತ ನಿಯಮಗಳ ವಿವರಣೆಯೂ ಇದೆ. ಕುಡುಕನ ಸಾಲವು ಅವನ ಮಕ್ಕಳ ಮೇಲೆ ಬೀಳಬಾರದು ಎಂಬುದು ಅವುಗಳಲ್ಲಿ ಮುಖ್ಯವಾದುದು.

ಕಾಲ ಮತ್ತು ದೇಶ

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ (ಇಂದಿನ ಮಳಖೇಡ) ರಾಜಧಾನಿಯನ್ನು ಇಲ್ಲಿಗೆ ಬದಲಾಯಿಸಿದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದನು. ಅವನ ಅರ್ಧ ಶತಮಾನದ ಆಳ್ವಿಕೆಯಲ್ಲಿ ಕಲ್ಯಾಣವು ವಿದ್ಯೆಯ ಕೇಂದ್ರವಾಯಿತು. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಅವನ ಆಸ್ಥಾನದಲ್ಲಿದ್ದು ‘ವಿಕ್ರಮಾಂಕದೇವಚರಿತ’ವನ್ನು ರಚಿಸಿದನು.

ಬಸವಕಲ್ಯಾಣ, ಕೊಹಿನೂರ, ಹುಮನಾಬಾದ ಮೊದಲಾದ ಊರುಗಳನ್ನು ಒಳಗೊಂಡ ಇಂದಿನ ಬೀದರ್ ಸೀಮೆಯಲ್ಲಿ ಆ ಕಾಲದ ಕುರುಹುಗಳು ಈಗಲೂ ಉಳಿದಿವೆ. ಬಸವಕಲ್ಯಾಣದ ಸಮೀಪದ ನಾರಾಯಣಪುರದ ಶಿವಾಲಯ ಹಾಗೂ ಹುಮನಾಬಾದ ತಾಲೂಕಿನ ಜಲಸಂಗವಿಯ ದೇವಾಲಯ ಅವುಗಳಲ್ಲಿ ಪ್ರಮುಖವಾದವು. ಜಲಸಂಗವಿಯಲ್ಲಿ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯ ಶಿಲ್ಪವಿದ್ದು, ಅದರಲ್ಲಿ ವಿಕ್ರಮಾದಿತ್ಯನ ಪ್ರಶಂಸೆಯಿದೆ.

ಜೀವನ

ವಿಜ್ಞಾನೇಶ್ವರನ ಬದುಕಿನ ಬಗ್ಗೆ ದೊರೆಯುವ ಮಾಹಿತಿ ಕಡಿಮೆ. ಮುಖ್ಯ ಆಧಾರವೆಂದರೆ ಅವನ ಗ್ರಂಥದ ಅಂತ್ಯದಲ್ಲಿರುವ ಶ್ಲೋಕಗಳು. ಅವುಗಳ ಪ್ರಕಾರ ಈತ ಭಾರದ್ವಾಜ ಗೋತ್ರದವನು. ತಂದೆ ಪದ್ಮನಾಭ ಭಟ್ಟ. ಗುರು ಉತ್ತಮ ಎಂಬ ಪರಮಹಂಸ ಯತಿ. ಕಲ್ಯಾಣದಂಥ ನಗರ, ವಿಕ್ರಮನಂಥ ಅರಸ ಹಾಗೂ ವಿಜ್ಞಾನೇಶ್ವರನಂಥ ಪಂಡಿತ ಈ ಮೂರೂ ಭೂಮಿಯ ಮೇಲೆ ಅಪೂರ್ವವೆಂಬ ಪ್ರಶಂಸೆಯೂ ಅಲ್ಲಿದೆ. ಇದರಿಂದ ಅವನ ಕಾಲ ಮತ್ತು ಸ್ಥಳ ಎರಡೂ ಖಚಿತವಾಗುತ್ತವೆ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಎಂದು ಹೇಳಲಾಗುತ್ತದೆ. ನಂತರದ ಗ್ರಂಥಕಾರರು ಅವನನ್ನು ವಿಜ್ಞಾನಯೋಗಿ ಎಂದೂ ಕರೆದಿರುವುದರಿಂದ ಅವನು ಸನ್ಯಾಸ ಸ್ವೀಕರಿಸಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಮಿತಾಕ್ಷರಾ

‘ಮಿತಾಕ್ಷರಾ’ ಎಂದರೆ ಮಿತವಾದ ಅಕ್ಷರಗಳುಳ್ಳದ್ದು. ಹನ್ನೊಂದನೆಯ ಶತಮಾನದ ಕೊನೆ ಅಥವಾ ಹನ್ನೆರಡನೆಯ ಶತಮಾನದ ಆರಂಭದಲ್ಲಿ ಇದು ರಚಿತವಾಯಿತು. ಮೂಲವಾದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸುಮಾರು ಒಂದು ಸಾವಿರ ಶ್ಲೋಕಗಳಿದ್ದು, ಅದು ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಅಧ್ಯಾಯಗಳಾಗಿ ವಿಂಗಡಣೆಗೊಂಡಿದೆ. ಆಚಾರಾಧ್ಯಾಯವು ನಿತ್ಯಜೀವನದ ವಿಧಿಗಳನ್ನೂ, ವ್ಯವಹಾರಾಧ್ಯಾಯವು ನ್ಯಾಯಾಲಯದ ಕಾನೂನನ್ನೂ, ಪ್ರಾಯಶ್ಚಿತ್ತಾಧ್ಯಾಯವು ಪಾಪ ಮತ್ತು ಅದರ ನಿವಾರಣೆಯನ್ನೂ ಕುರಿತದ್ದಾಗಿದೆ.

ವಿಜ್ಞಾನೇಶ್ವರನು ಶ್ಲೋಕಗಳ ಅರ್ಥವನ್ನಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಮನು, ನಾರದ, ಬೃಹಸ್ಪತಿ ಮೊದಲಾದ ಸ್ಮೃತಿಕಾರರ ಪರಸ್ಪರ ವಿರುದ್ಧವಾಗಿ ಕಾಣುವ ಮಾತುಗಳನ್ನು ಒಂದೆಡೆ ತಂದು, ಮೀಮಾಂಸಾ ಶಾಸ್ತ್ರದ ತರ್ಕದಿಂದ ಅವುಗಳನ್ನು ಹೊಂದಿಸುತ್ತಾನೆ. ಅವನಿಗಿಂತ ಹಿಂದಿನ ವಿಶ್ವರೂಪನ ವ್ಯಾಖ್ಯಾನವನ್ನೂ ಗಮನದಲ್ಲಿಟ್ಟುಕೊಂಡಿದ್ದಾನೆ. ಹೀಗಾಗಿ ಮಿತಾಕ್ಷರಾ ವ್ಯಾಖ್ಯಾನವಾಗಿದ್ದರೂ ಸ್ವತಂತ್ರ ನಿಬಂಧದ ಸ್ಥಾನವನ್ನು ಗಳಿಸಿತು.

ಮದ್ಯಪಾನ ಕುರಿತ ನಿಯಮಗಳು

ಸಾಲದ ಹೊಣೆ

ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ತಂದೆಯ ಸಾಲವನ್ನು ತೀರಿಸುವುದು ಮಗ ಮತ್ತು ಮೊಮ್ಮಗನ ಕರ್ತವ್ಯ. ತಂದೆ ತೀರಿಕೊಂಡಾಗ, ದೂರದೇಶಕ್ಕೆ ಹೋಗಿ ಹಿಂದಿರುಗದಿದ್ದಾಗ ಅಥವಾ ಪರಿಹಾರವಿಲ್ಲದ ಸಂಕಟಕ್ಕೆ ಸಿಲುಕಿದಾಗ ಈ ಹೊಣೆ ಮುಂದಿನ ತಲೆಮಾರಿಗೆ ಬರುತ್ತದೆ. ಮಗನು ಬಡ್ಡಿಸಹಿತ ಸಾಲ ತೀರಿಸಬೇಕು. ಮೊಮ್ಮಗನು ಅಸಲನ್ನು ಮಾತ್ರ ಕೊಟ್ಟರೆ ಸಾಕು. ಸಾಲ ತೀರಿಸದೆ ಸತ್ತವನಿಗೆ ಪರಲೋಕದಲ್ಲಿ ಸದ್ಗತಿಯಿಲ್ಲ ಎಂಬ ನಂಬಿಕೆ ಇದರ ಹಿಂದೆ ಇತ್ತು. ಆದ್ದರಿಂದ ಈ ಹೊಣೆ ಕೇವಲ ಹಣದ ವಿಷಯವಾಗಿರದೆ ಪುತ್ರಧರ್ಮದ ವಿಷಯವೂ ಆಗಿತ್ತು.

ಇಷ್ಟು ಬಿಗಿಯಾದ ನಿಯಮಕ್ಕೂ ಸ್ಮೃತಿಯು ಅಪವಾದಗಳನ್ನು ಹೇಳುತ್ತದೆ. ಕುಡಿತಕ್ಕಾಗಿ, ಕಾಮಕ್ಕಾಗಿ ಅಥವಾ ಜೂಜಿಗಾಗಿ ಮಾಡಿದ ಸಾಲ, ಕಟ್ಟದೆ ಉಳಿದ ದಂಡ ಮತ್ತು ಸುಂಕ, ಹಾಗೂ ನಿಷ್ಪ್ರಯೋಜಕರಿಗೆ ವೃಥಾ ಕೊಡುವೆನೆಂದ ದಾನ ಇವುಗಳನ್ನು ಮಗನು ತೀರಿಸಬೇಕಾಗಿಲ್ಲ. ಮನುಸ್ಮೃತಿಯಲ್ಲಿಯೂ ಇಂಥದೇ ನಿಯಮವಿದೆ. ವಿಜ್ಞಾನೇಶ್ವರನು ಇವುಗಳನ್ನು ಒಂದೊಂದಾಗಿ ಬಿಡಿಸಿ ವಿವರಿಸುತ್ತಾನೆ. ಸುರೆಯನ್ನು ಕುಡಿಯುವುದಕ್ಕೋಸ್ಕರ ಮಾಡಿದ ಸಾಲ ಈ ಪಟ್ಟಿಯಲ್ಲಿ ಮೊದಲನೆಯದು.

ಈ ಅಪವಾದದ ಮಹತ್ವವು ಇದರೊಂದಿಗಿರುವ ಮತ್ತೊಂದು ನಿಯಮದಿಂದ ಸ್ಪಷ್ಟವಾಗುತ್ತದೆ. ಕುಟುಂಬದ ನಿರ್ವಹಣೆಗಾಗಿ ಮಾಡಿದ ಸಾಲಕ್ಕೆ ಕುಟುಂಬದವರು ಹೊಣೆಗಾರರು. ಗಂಡನು ಮಾಡಿದ ಸಾಲಕ್ಕೆ ಹೆಂಡತಿ ಸಾಮಾನ್ಯವಾಗಿ ಹೊಣೆಯಲ್ಲ. ಅವಳೇ ಒಪ್ಪಿಕೊಂಡಿದ್ದರೆ, ಗಂಡನೊಡನೆ ಸೇರಿ ಮಾಡಿದ್ದರೆ ಅಥವಾ ತಾನೇ ಮಾಡಿದ್ದರೆ ಮಾತ್ರ ಕೊಡಬೇಕು. ಅಂದರೆ ಸಾಲವನ್ನು ಯಾರು ಮಾಡಿದರು ಎಂಬುದರ ಜೊತೆಗೆ ಯಾವ ಉದ್ದೇಶಕ್ಕೆ ಮಾಡಿದರು ಎಂಬುದನ್ನೂ ನ್ಯಾಯಾಧಿಕಾರಿ ನೋಡಬೇಕಾಗಿತ್ತು. ಮನೆಗೆ ಅಕ್ಕಿ ತರಲು ಮಾಡಿದ ಸಾಲ ಮನೆಯದು. ಹೆಂಡದಂಗಡಿಯಲ್ಲಿ ಮಾಡಿದ ಸಾಲ ಕುಡಿದವನದು. ಸಾಲ ಕೊಡುವವನಿಗೂ ಇದರಿಂದ ಒಂದು ಎಚ್ಚರಿಕೆ ಸಿಗುತ್ತಿತ್ತು. ಕುಡುಕನಿಗೆ ಸಾಲ ಕೊಟ್ಟರೆ ಅವನ ಮಕ್ಕಳಿಂದ ಅದನ್ನು ವಸೂಲು ಮಾಡಲು ಸಾಧ್ಯವಿರಲಿಲ್ಲ.

ಅಮಲಿನಲ್ಲಿ ಮಾಡಿದ ವ್ಯವಹಾರ

ಅಮಲೇರಿದವನು, ಬುದ್ಧಿಭ್ರಮಣೆಯಾದವನು, ರೋಗಪೀಡಿತನು, ಬಾಲಕನು, ಭಯಗೊಂಡವನು ಮೊದಲಾದವರು ನಡೆಸಿದ ವ್ಯವಹಾರ ಸಿಂಧುವಾಗುವುದಿಲ್ಲ ಎಂಬುದು ವ್ಯವಹಾರಾಧ್ಯಾಯದ ಇನ್ನೊಂದು ನಿಯಮ. ಕುಡಿಸಿ ಹೊಲ, ಮನೆಗಳನ್ನು ಬರೆಸಿಕೊಳ್ಳುವ ಮೋಸಕ್ಕೆ ಇದು ತಡೆಯಾಗಬಲ್ಲದಾಗಿತ್ತು. ಅಮಲಿನಲ್ಲಿರುವವರನ್ನು ಸಾಕ್ಷಿಗಳನ್ನಾಗಿ ಸ್ವೀಕರಿಸಬಾರದು ಎಂದೂ ಹೇಳಲಾಗಿದೆ.

ಮದ್ಯ ಮಾರುವವರು

ಮದ್ಯ ತಯಾರಿಸಿ ಮಾರುವವರನ್ನು ಸಂಸ್ಕೃತದಲ್ಲಿ ಶೌಂಡಿಕರು ಎನ್ನುತ್ತಾರೆ. ಹೆಂಡತಿ ಮಾಡಿದ ಸಾಲಕ್ಕೆ ಗಂಡನು ಸಾಮಾನ್ಯವಾಗಿ ಹೊಣೆಯಲ್ಲವಾದರೂ ಗೋವಳ, ಶೌಂಡಿಕ, ನಟ, ಅಗಸ ಮತ್ತು ಬೇಡರ ವಿಷಯದಲ್ಲಿ ಅವನೇ ತೀರಿಸಬೇಕು. ಆ ಮನೆಗಳ ಜೀವನೋಪಾಯವು ಹೆಂಗಸರ ದುಡಿಮೆಯನ್ನು ಅವಲಂಬಿಸಿರುವುದೇ ಅದಕ್ಕೆ ಕೊಟ್ಟ ಕಾರಣ. ಮದ್ಯದ ವ್ಯಾಪಾರದಲ್ಲಿ ಹೆಂಗಸರ ಪಾತ್ರ ದೊಡ್ಡದಾಗಿತ್ತು ಎಂಬುದಕ್ಕೆ ಇದೊಂದು ಸೂಚನೆ. ಈ ವೃತ್ತಿಯನ್ನು ಶಾಸ್ತ್ರವು ಕೀಳಾಗಿ ಕಂಡರೂ ಅದರ ಅಸ್ತಿತ್ವವನ್ನು ಅಲ್ಲಗಳೆಯಲಿಲ್ಲ.

ಸುರೆಯ ವರ್ಗೀಕರಣ

ಪ್ರಾಯಶ್ಚಿತ್ತಾಧ್ಯಾಯದಲ್ಲಿ ಸುರಾಪಾನವು ಮಹಾಪಾತಕಗಳಲ್ಲಿ ಒಂದು. ಯಾವುದನ್ನು ಸುರೆಯೆನ್ನಬೇಕು ಎಂಬ ಪ್ರಶ್ನೆಯನ್ನು ವಿಜ್ಞಾನೇಶ್ವರನು ವಿಸ್ತಾರವಾಗಿ ಚರ್ಚಿಸುತ್ತಾನೆ. ಬೆಲ್ಲದಿಂದ ಮಾಡಿದ ಗೌಡೀ, ಹಿಟ್ಟಿನಿಂದ ಮಾಡಿದ ಪೈಷ್ಟೀ, ಮಧುವಿನಿಂದ ಮಾಡಿದ ಮಾಧ್ವೀ ಎಂಬ ಮೂರು ಬಗೆಗಳಲ್ಲಿ ಧಾನ್ಯದ ಹಿಟ್ಟಿನಿಂದ ಮಾಡಿದ್ದೇ ಮುಖ್ಯಾರ್ಥದಲ್ಲಿ ಸುರೆ ಎಂಬುದು ಅವನ ನಿರ್ಣಯ. ಹಲಸು, ದ್ರಾಕ್ಷಿ, ಇಪ್ಪೆ, ಖರ್ಜೂರ, ತಾಳೆ, ಕಬ್ಬು, ತೆಂಗು ಮೊದಲಾದವುಗಳಿಂದ ತಯಾರಾಗುವ ಮದ್ಯಗಳ ಪಟ್ಟಿಯನ್ನೂ ಪುಲಸ್ತ್ಯನ ಹೆಸರಿನಲ್ಲಿ ಉಲ್ಲೇಖಿಸುತ್ತಾನೆ.

ಮಿತಿಗಳು

ಈ ನಿಯಮಗಳು ಎಲ್ಲರನ್ನೂ ಸಮಾನವಾಗಿ ಕಂಡವುಗಳಲ್ಲ. ಪೈಷ್ಟಿಯು ಮೊದಲ ಮೂರು ವರ್ಣಗಳಿಗೆ ನಿಷಿದ್ಧವಾದರೆ, ಉಳಿದ ಮದ್ಯಗಳು ಬ್ರಾಹ್ಮಣರಿಗೆ ಮಾತ್ರ ನಿಷಿದ್ಧ. ತಿಳಿದೂ ಸುರಾಪಾನ ಮಾಡಿದವನಿಗೆ ಪ್ರಾಣಾಂತಿಕವಾದ ಪ್ರಾಯಶ್ಚಿತ್ತವನ್ನು ಹೇಳಲಾಗಿದೆ. ಸುರಾಪಾನ ಮಾಡುವ ಹೆಂಡತಿ ಇರುವಾಗಲೇ ಗಂಡನು ಮತ್ತೊಂದು ಮದುವೆಯಾಗಬಹುದು. ಕುಡಿಯುವ ಗಂಡನ ವಿಷಯದಲ್ಲಿ ಹೆಂಡತಿಗೆ ಅಂಥ ಅವಕಾಶವಿಲ್ಲ. ಅಮಲಿನಲ್ಲಿ ಇತರರ ಮೈಮೇಲೆ ಧೂಳು, ಕೆಸರು ಎರಚುವಂಥ ಅಪರಾಧಗಳಿಗೆ ದಂಡದಿಂದ ವಿನಾಯಿತಿಯೂ ಇದೆ. ಸ್ವಇಚ್ಛೆಯಿಂದ ಕುಡಿದವನಿಗೆ ಇಂದಿನ ದಂಡಸಂಹಿತೆಯು ಇಂಥ ವಿನಾಯಿತಿ ನೀಡುವುದಿಲ್ಲ.

ಅರಮನೆಯ ಬದುಕೂ ಶಾಸ್ತ್ರಕ್ಕಿಂತ ಭಿನ್ನವಾಗಿತ್ತು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನವು ರಾಜನ ಕ್ರೀಡೆಗಳಲ್ಲಿ ಒಂದಾಗಿ ವರ್ಣಿತವಾಗಿದೆ. ಹೀಗೆ ಒಂದೇ ರಾಜಧಾನಿಯಲ್ಲಿ ಎರಡು ತಲೆಮಾರುಗಳ ಅವಧಿಯೊಳಗೆ ಮದ್ಯವು ಒಂದು ಗ್ರಂಥದಲ್ಲಿ ಪಾತಕವಾಗಿಯೂ ಮತ್ತೊಂದರಲ್ಲಿ ವಿನೋದವಾಗಿಯೂ ಕಾಣಿಸಿಕೊಂಡಿತು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ವಚನಕಾರನಾಗಿ ಸ್ಥಾನ ಪಡೆದನು. ಶಾಸ್ತ್ರವು ಕೀಳೆಂದ ವೃತ್ತಿಯವನನ್ನು ಶರಣರು ಸಮಾನನಾಗಿ ಸ್ವೀಕರಿಸಿದ್ದು ಗಮನಾರ್ಹ.

ಪ್ರಭಾವ

ಮಿತಾಕ್ಷರೆಗೆ ವಿಶ್ವೇಶ್ವರ ಭಟ್ಟನ ‘ಸುಬೋಧಿನೀ’ ಮತ್ತು ‘ಬಾಲಂಭಟ್ಟೀ’ ಎಂಬ ಉಪವ್ಯಾಖ್ಯಾನಗಳು ಹುಟ್ಟಿಕೊಂಡವು. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ವು ಪ್ರಚಲಿತವಾದರೆ, ಉಳಿದ ಭಾರತದ ಬಹುಭಾಗವು ಮಿತಾಕ್ಷರೆಯನ್ನು ಅನುಸರಿಸಿತು. ಹೆನ್ರಿ ಥಾಮಸ್ ಕೋಲ್‌ಬ್ರೂಕ್ 1810ರಲ್ಲಿ ಇದರ ದಾಯವಿಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಇದನ್ನು ಪ್ರಮಾಣವಾಗಿ ಬಳಸತೊಡಗಿದವು. ತಂದೆಯ ಸಾಲಕ್ಕೆ ಮಗ ಹೊಣೆ, ಆದರೆ ಅನೈತಿಕ ಕಾರಣಕ್ಕೆ ಮಾಡಿದ ‘ಅವ್ಯಾವಹಾರಿಕ’ ಸಾಲಕ್ಕೆ ಹೊಣೆಯಲ್ಲ ಎಂಬ ತತ್ತ್ವವು ಈ ನ್ಯಾಯಾಲಯಗಳಲ್ಲಿ ಪದೇಪದೇ ಚರ್ಚೆಗೆ ಬಂತು.

ನಂತರದ ಕಾನೂನುಗಳು

ವಿಜ್ಞಾನೇಶ್ವರನು ವಿವರಿಸಿದ ಕೆಲವು ತತ್ತ್ವಗಳಿಗೆ ಹೋಲುವ ನಿಯಮಗಳು ಆಧುನಿಕ ಶಾಸನಗಳಲ್ಲಿಯೂ ಇವೆ. 1872ರ ಭಾರತೀಯ ಕರಾರು ಅಧಿನಿಯಮದ 12ನೆಯ ಪ್ರಕರಣದಂತೆ, ಕರಾರಿನ ಅರ್ಥವನ್ನು ತಿಳಿಯಲಾರದಷ್ಟು ಕುಡಿದಿರುವವನು ಆ ಸ್ಥಿತಿ ಇರುವವರೆಗೆ ಕರಾರು ಮಾಡಿಕೊಳ್ಳಲಾರನು. 2005ರ ಹಿಂದೂ ಉತ್ತರಾಧಿಕಾರ (ತಿದ್ದುಪಡಿ) ಅಧಿನಿಯಮವು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಾನ ಹಕ್ಕು ನೀಡಿತು. ಪುತ್ರಧರ್ಮವೆಂಬ ಒಂದೇ ಕಾರಣದಿಂದ ತಂದೆಯ ಸಾಲಕ್ಕೆ ಮಗನನ್ನು ಹೊಣೆ ಮಾಡುವ ಪದ್ಧತಿಯನ್ನೂ ಅದು ಮುಂದಿನ ಸಾಲಗಳ ಮಟ್ಟಿಗೆ ಕೊನೆಗೊಳಿಸಿತು. ಕುಡಿತ, ಜೂಜು ಮೊದಲಾದವುಗಳ ಸಾಲಕ್ಕೆ ಮಾತ್ರ ಇದ್ದ ರಕ್ಷಣೆ ಹೀಗೆ ಎಲ್ಲ ಬಗೆಯ ಸಾಲಗಳಿಗೂ ವಿಸ್ತರಿಸಿತು.

ಮದ್ಯದ ಮಾರಾಟವನ್ನೇ ನಿಯಂತ್ರಿಸುವ ಕಾನೂನುಗಳು ಬೇರೆ ದಾರಿಯಲ್ಲಿ ಬೆಳೆದವು. ಸಂವಿಧಾನದ 47ನೆಯ ವಿಧಿಯು ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ನಿರ್ದೇಶಿಸುತ್ತದೆ. ಬಸವಕಲ್ಯಾಣವು ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯದಲ್ಲಿ 1961ರಲ್ಲಿ ಪಾನನಿರೋಧ ಅಧಿನಿಯಮ ರಚನೆಯಾಯಿತು. ಅನಂತರ ಬಂದ 1965ರ ಅಬಕಾರಿ ಅಧಿನಿಯಮವು ಪರವಾನಗಿ ಮತ್ತು ಸುಂಕದ ಮೂಲಕ ಮದ್ಯದ ತಯಾರಿಕೆ, ಸಾಗಣೆ, ಮಾರಾಟಗಳನ್ನು ನಿಯಂತ್ರಿಸುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತು.

ಈ ಶಾಸನಗಳು ಮದ್ಯವು ಎಲ್ಲಿ, ಯಾರಿಂದ, ಹೇಗೆ ಮಾರಾಟವಾಗಬೇಕು ಎಂಬುದನ್ನು ನಿರ್ಧರಿಸುತ್ತವೆ. ಕುಡಿತದ ಭಾರ ಯಾರ ಮೇಲೆ ಬೀಳಬೇಕು ಎಂಬುದು ಮಿತಾಕ್ಷರೆಯ ಪ್ರಶ್ನೆಯಾಗಿತ್ತು. ಕುಡಿಯದ ಮಕ್ಕಳ ಮೇಲೆ ಬೀಳಬಾರದು ಎಂಬ ಉತ್ತರವನ್ನು ವಿಜ್ಞಾನೇಶ್ವರನು ಸುಮಾರು ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ವಿವರಿಸಿದ್ದನು.