ಕೈಗಾ ಬೇಡವೆಂದ ಕಾರಂತಜ್ಜ

ಅಣುವಿದ್ಯುತ್ ಬೇಕೋ ಬೇಡವೋ, ಬಿಸಿಲು ಮತ್ತು ಗಾಳಿಯ ವಿದ್ಯುತ್ ಸಾಕಾದೀತೇ, ಪರಿಸರ ಹಾಳಾಗಲು ಹೆಚ್ಚಿದ ಜನಸಂಖ್ಯೆಯೇ ಕಾರಣವೇ? ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ಮತ್ತೆ ಮತ್ತೆ ಬರುವ ವಿಷಯಗಳಿವು. ಪರವಾಗಿ ಐದು ನಿಮಿಷ, ವಿರೋಧವಾಗಿ ಐದು ನಿಮಿಷ ಮಾತನಾಡಿ, ಗಂಟೆ ಹೊಡೆದ ಕೂಡಲೇ ಕುಳಿತುಕೊಳ್ಳುತ್ತೇವೆ. ಇದೇ ಚರ್ಚೆಯನ್ನು ತಮ್ಮ 87ನೆಯ ವಯಸ್ಸಿನಲ್ಲಿ ಚುನಾವಣೆಯ ಕಣಕ್ಕೆ ಒಯ್ದ ಹಿರಿಯರೊಬ್ಬರು ನಮ್ಮ ನಾಡಿನಲ್ಲಿದ್ದರು. ಅವರು ಡಾ. ಕೋಟ ಶಿವರಾಮ ಕಾರಂತರು. ಜ್ಞಾನಪೀಠ ಪಡೆದ ಕಾದಂಬರಿಕಾರರೆಂದು ಅವರ ಹೆಸರು ನಮಗೆಲ್ಲ ಗೊತ್ತು. ವಿಜ್ಞಾನ ಓದುವವರು ತಿಳಿಯಬೇಕಾದ ಕಾರಂತರು ಇನ್ನೊಬ್ಬರಿದ್ದಾರೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಅದೇ ವರ್ಷ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಗಿ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1901ರ ಜನಗಣತಿಯಂತೆ ಈಗಿನ ಕರ್ನಾಟಕದ ಪ್ರದೇಶದಲ್ಲಿದ್ದವರು ಸುಮಾರು 1.3 ಕೋಟಿ ಜನ. ಕಾರಂತರ ಮುಪ್ಪಿನಲ್ಲಿ, 1991ರ ಗಣತಿಯ ವೇಳೆಗೆ, ಅದು ಸುಮಾರು 4.5 ಕೋಟಿಯಾಗಿತ್ತು. ವಿದ್ಯುತ್ತೂ ಜನಸಂಖ್ಯೆಯೂ ಬೆಳೆದದ್ದನ್ನು ಅವರು ತಮ್ಮ ಒಂದೇ ಬದುಕಿನಲ್ಲಿ ಕಂಡರು.

ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅವರು ಓದು ಬಿಟ್ಟರು. ಕಾಲೇಜು ಬಿಟ್ಟರೂ ಕಲಿಯುವುದನ್ನು ಬಿಡಲಿಲ್ಲ. ಖಾದಿ ಪ್ರಚಾರ, ಪತ್ರಿಕೆ, ನಾಟಕ, ಯಕ್ಷಗಾನ, ಮುದ್ರಣ ಹೀಗೆ ಕೈಹಾಕದ ಕೆಲಸವಿಲ್ಲ. ಪುತ್ತೂರಿನಲ್ಲಿ ನೆಲೆಸಿ, ಮಕ್ಕಳಿಗಾಗಿ ಬಾಲವನ ಕಟ್ಟಿದರು. ಮಕ್ಕಳ ಬಾಯಲ್ಲಿ ಅವರು ಕಾರಂತಜ್ಜ ಆದರು.

ಕನ್ನಡದ ಮಕ್ಕಳಿಗೆ ವಿಜ್ಞಾನ ಓದಲು ಒಳ್ಳೆಯ ಪುಸ್ತಕಗಳಿಲ್ಲದ ಕಾಲವದು. ಕಾರಂತರು ಒಬ್ಬರೇ ಕುಳಿತು ಮೂರು ಸಂಪುಟಗಳ ಬಾಲಪ್ರಪಂಚವನ್ನು ಬರೆದರು. ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಬಂತು. ಕೀಟನಾಶಕಗಳ ಅಪಾಯವನ್ನು ಮುಂದೆ ಜಗತ್ತಿಗೆ ಸಾರಿದ ಅಮೆರಿಕದ ವಿಜ್ಞಾನಿ ರೇಚಲ್ ಕಾರ್ಸನ್ ಅವರು ಕಡಲಿನ ಬಗ್ಗೆ ಬರೆದ ಪುಸ್ತಕವನ್ನೂ ಕನ್ನಡಕ್ಕೆ ತಂದರು. ಹಾಗಾಗಿ ಕಾರಂತರು ವಿಜ್ಞಾನಕ್ಕೆ ಹೆದರಿ ಅಣುಸ್ಥಾವರವನ್ನು ವಿರೋಧಿಸಿದರೆಂದು ಯಾರಾದರೂ ಹೇಳಿದರೆ ಅದು ನಿಲ್ಲುವ ಮಾತಲ್ಲ.

1980ರ ದಶಕದಲ್ಲಿ ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂತು. ಅಲ್ಲಿ ಸುತ್ತ ಪಶ್ಚಿಮ ಘಟ್ಟದ ದಟ್ಟ ಕಾಡು. 1986ರ ಏಪ್ರಿಲ್‌ನಲ್ಲಿ ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರ ಸ್ಫೋಟಗೊಂಡು ಜಗತ್ತೇ ಬೆಚ್ಚಿತ್ತು. ಯೋಜನೆಯ ಪರ ಇದ್ದವರ ವಾದಕ್ಕೂ ಬಲವಿತ್ತು: ಜನ ಹೆಚ್ಚುತ್ತಿದ್ದಾರೆ, ವಿದ್ಯುತ್ ಸಾಲದು, ಕಲ್ಲಿದ್ದಲು ಸುಟ್ಟರೆ ಹೊಗೆ. ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ರಾಜಾ ರಾಮಣ್ಣ ಅವರೂ ತುಮಕೂರಿನಲ್ಲಿ ಹುಟ್ಟಿದ ಕನ್ನಡಿಗರೇ. ವಿರೋಧಿಸಿದವರು ಬೇರೆ ಪ್ರಶ್ನೆ ಇಟ್ಟರು: ಅಪಘಾತವಾದರೆ ಗತಿಯೇನು? ಸಾವಿರಾರು ವರ್ಷ ವಿಕಿರಣ ಸೂಸುವ ಕಸವನ್ನು ಕಾಯುವವರು ಯಾರು? ಅಲ್ಲಿನ ಜನರನ್ನು ಕೇಳಿದವರು ಯಾರು?

ಕಾರಂತರು ಈ ಪ್ರಶ್ನೆಗಳನ್ನು ಹಿಡಿದು ಊರೂರು ತಿರುಗಿದರು. 1989ರ ಲೋಕಸಭಾ ಚುನಾವಣೆಯಲ್ಲಿ ಪರಿಸರವನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಅಧಿಕಾರದ ಆಸೆಯಿಂದ ನಿಂತವರಲ್ಲ ಎಂಬುದಕ್ಕೆ ಹಳೆಯ ಸಾಕ್ಷಿ ಇತ್ತು: ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನೇ ಹಿಂದಿರುಗಿಸಿದ್ದರು. ಆದರೂ ಜನ ಅವರನ್ನು ಗೆಲ್ಲಿಸಲಿಲ್ಲ. ಸ್ಥಾವರದ ಕೆಲಸವೂ ನಿಲ್ಲಲಿಲ್ಲ.

1994ರ ಮೇ ತಿಂಗಳಲ್ಲಿ, ಕಟ್ಟಡ ಇನ್ನೂ ಏಳುತ್ತಿದ್ದಾಗಲೇ, ಒಂದು ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಒಳಗೆ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅಪಾಯವಾಗಲಿಲ್ಲ. ಪ್ರಶ್ನೆ ಕೇಳಿದ್ದು ತಪ್ಪಲ್ಲವೆಂದು ಆಗ ಹಲವರಿಗೆ ಅನಿಸಿತು. ಗುಮ್ಮಟವನ್ನು ಹೊಸದಾಗಿ ಕಟ್ಟಲಾಯಿತು. ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಕೈಗಾದ ವಿದ್ಯುತ್ ಹರಿದದ್ದು ಆಮೇಲೆ. ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಈಗ ಅಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಮೊದಲನೆಯ ಘಟಕ 2018ರಲ್ಲಿ 941 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮುರಿಯಿತು. ಚೆರ್ನೋಬಿಲ್‌ನಂಥ ದುರಂತ ಅಲ್ಲಿ ನಡೆದಿಲ್ಲ. ಇದನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಕಸವನ್ನು ಕಾಯುವವರು ಯಾರೆಂಬ ಪ್ರಶ್ನೆ ಮುಗಿದಿಲ್ಲ.

ಹಾಗಾದರೆ ಕಾರಂತರು ಸೋತರೇ? ಕೈಗಾದ ಮಟ್ಟಿಗೆ ಹೌದು. ಆದರೆ ದೊಡ್ಡ ಯೋಜನೆಯ ಬೆಲೆ ತೆರುವವರು ಯಾರು ಎಂದು ಮೊದಲೇ ಕೇಳುವುದನ್ನು ಅವರು ನಮಗೆ ಕಲಿಸಿದರು. ಈ ಪ್ರಶ್ನೆ ಅಣುವಿದ್ಯುತ್ತಿಗೆ ಮಾತ್ರ ಸೇರಿದ್ದಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮಲೆನಾಡಿನ ಊರುಗಳು ನೀರಿನಡಿ ಹೋದವು. ಆ ವಿದ್ಯುತ್ತನ್ನು ನಾವು ಮುಗಿಯದ ಶಕ್ತಿ ಎನ್ನುತ್ತೇವೆ. ಪಾವಗಡದ ಸೌರ ಪಾರ್ಕ್ 2,050 ಮೆಗಾವ್ಯಾಟ್‌ನದು, ಅದು ಹರಡಿರುವುದು ಸುಮಾರು 13,000 ಎಕರೆಯಲ್ಲಿ. ಜಮೀನುಳ್ಳ ರೈತರಿಗೆ ಗುತ್ತಿಗೆ ಹಣ ಬರುತ್ತದೆ. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರ ಮಾತೇನು?

ಜನಸಂಖ್ಯೆಯ ವಾದಕ್ಕೂ ಇದೇ ಅಳತೆಗೋಲು ಹಿಡಿಯಬಹುದು. ಒಬ್ಬ ಅಮೆರಿಕನ್ ಸರಾಸರಿಯಾಗಿ ಬಳಸುವ ವಿದ್ಯುತ್ತು ಒಬ್ಬ ಭಾರತೀಯ ಬಳಸುವುದಕ್ಕಿಂತ ಹಲವು ಪಟ್ಟು ಹೆಚ್ಚು. ನಮ್ಮಲ್ಲೇ ನೋಡಿದರೆ, ಅರೇಹಳ್ಳಿಯ ಕಾಫಿ ತೋಟದ ಲೈನ್ ಮನೆಯಲ್ಲಿ ಉರಿಯುವುದು ಎರಡು ಬಲ್ಬು. ನಗರದ ದೊಡ್ಡ ಮನೆಯಲ್ಲಿ ಕೋಣೆಗೊಂದು ಎ.ಸಿ. ಬರೀ ತಲೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹರಿಯುವ ಹೊಳೆಯ ದಡದಲ್ಲಿ ಕುಳಿತು ವುಝೂ ಮಾಡಿದರೂ ನೀರು ಪೋಲು ಮಾಡಬಾರದೆಂದು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಕರೆಂಟಿಗೂ ಆ ಪಾಠ ಸಲ್ಲುತ್ತದೆ.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಪರೀಕ್ಷೆಗೆ ಓದುವ ನಮಗೆ ವಿದ್ಯುತ್ತಿನ ಬೆಲೆ ಗೊತ್ತಾಗುತ್ತದೆ. ಅದು ಬೇಡವೆನ್ನುವಂತಿಲ್ಲ. ಮುಂದಿನ ಚರ್ಚಾಸ್ಪರ್ಧೆಯಲ್ಲಿ ಪರ ನಿಲ್ಲುವವರೂ ವಿರೋಧ ನಿಲ್ಲುವವರೂ ಮೊದಲು ಕಾರಂತಜ್ಜನಂತೆ ವಿಷಯವನ್ನು ಬುಡದಿಂದ ಓದಿಕೊಂಡು ಬರಲಿ. ಆಮೇಲೆ ಬೆಲೆ ತೆರುವವರ ಪರವಾಗಿ ಒಂದು ನಿಮಿಷವಾದರೂ ಮಾತನಾಡಲಿ.