ಲೇವ್ ಅತಮಾನೋವ್: ಹಿಮರಾಣಿಯನ್ನು ಕಂಡರಿಸಿದ ಕಲಾವಿದ

1905ರಲ್ಲಿ ಮಾಸ್ಕೋದಲ್ಲಿ ಜನಿಸಿದ ಲೇವ್ ಅತಮಾನೋವ್ ಆರ್ಮೇನಿಯನ್ ಮನೆತನದವರು. ಹುಟ್ಟುಹೆಸರು ಲೆವೋನ್ ಅತಮನ್ಯಾನ್. ಲೇವ್ ಕುಲೆಶೋವರ ಬಳಿ ಚಲನಚಿತ್ರ ಕಲೆಯನ್ನು ಅಭ್ಯಸಿಸಿದ ಅವರು ಮುಂದೆ ಯೆರೆವಾನಿಗೆ ತೆರಳಿ, ಪೂರ್ವಿಕರ ನಾಡಿನ ಕಥೆಗಳಿಗೆ ಕೈಹಾಕಿದರು. ಹೊವಾನ್ನೆಸ್ ತುಮಾನ್ಯಾನರ ಕಥೆಯನ್ನಾಧರಿಸಿ 1938ರಲ್ಲಿ ನಿರ್ಮಿಸಿದ ‘ನಾಯಿ ಮತ್ತು ಬೆಕ್ಕು’ ಆರ್ಮೇನಿಯಾದ ಮೊದಲ ಅನಿಮೇಷನ್ ಚಿತ್ರ. 1955ರಲ್ಲಿ ಮಾಸ್ಕೋದಲ್ಲಿ ಅದೇ ಕಥೆಯನ್ನು ಅವರು ಮತ್ತೆ ಚಿತ್ರಿಸಿದರು. ಆ ಕಥೆ ಅವರ ಮನಸ್ಸನ್ನು ಬಿಟ್ಟುಹೋಗಿರಲಿಲ್ಲವೆಂದು ತೋರುತ್ತದೆ.

ಮಾಸ್ಕೋದ ಸೊಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋದಲ್ಲಿ ಆಗ ‘ಎಕ್ಲೇರ್’ ಎಂಬ ವಿಧಾನ ಪ್ರಬಲವಾಗಿತ್ತು. ನಟರ ಅಭಿನಯವನ್ನು ಮೊದಲು ಕ್ಯಾಮೆರಾದಲ್ಲಿ ಸೆರೆಹಿಡಿದು, ಅದರ ಒಂದೊಂದು ಚೌಕಟ್ಟನ್ನೂ ಕಾಗದದ ಮೇಲೆ ಗೆರೆಗಳಲ್ಲಿ ಮೂಡಿಸುವುದು ಅದರ ಕ್ರಮ. ಚಲನೆ ನಿಜವೆನಿಸುತ್ತಿತ್ತು, ಚಿತ್ರಗಾರನ ಕಲ್ಪನೆಗೆ ಮಾತ್ರ ಕೆಲಸ ಉಳಿಯುತ್ತಿರಲಿಲ್ಲ. 1952ರ ‘ಕೆಂಪು ಹೂವು’ ಚಿತ್ರದಲ್ಲಿ ಅತಮಾನೋವರೂ ಈ ವಿಧಾನವನ್ನೇ ನೆಚ್ಚಿದ್ದರು. ಅದರ ಸೊಬಗು ತುಸು ಜಡ.

ಭಾರತೀಯ ಜನಪದ ಕಥೆಗಳಿಂದ ರೂಪುಗೊಂಡ ‘ಚಿನ್ನದ ಜಿಂಕೆ’ 1954ರಲ್ಲಿ ಬಂದಿತು. ಗೊರಸು ಬಡಿದಲ್ಲೆಲ್ಲ ಹೊನ್ನಿನ ನಾಣ್ಯ ಚಿಮ್ಮಿಸುವ ಜಿಂಕೆ, ಸಾಕೆನ್ನಲಾರದ ರಾಜ. ಕೊನೆಗೆ ಸಾಕೆಂದೊಡನೆ ಹೊನ್ನೆಲ್ಲ ಮಡಕೆಯ ಚೂರಾಗುತ್ತದೆ. ಜಿಂಕೆಯ ನೆಗೆತದಲ್ಲಿ ಗೆರೆ ಬಿಡುಗಡೆ ಪಡೆದಂತಿದೆ.

ಆಂಡರ್ಸನ್ನರ ಕಥೆಯ ‘ಹಿಮರಾಣಿ’ 1957ರದು. ಹಳೆಯ ವಿಧಾನವನ್ನು ಅತಮಾನೋವರು ಇಲ್ಲಿ ತೊರೆಯಲಿಲ್ಲ, ಅದಕ್ಕೆ ಅರ್ಥ ಕೊಟ್ಟರು. ರಾಣಿಯನ್ನು ಮಾತ್ರ ನಟಿ ಮರಿಯಾ ಬಬಾನೋವಾರ ಅಭಿನಯದ ಮೇಲೆ ಗೆರೆ ತಿದ್ದಿ ರೂಪಿಸಲಾಯಿತು, ಧ್ವನಿಯೂ ಅವರದೇ. ಗೆರ್ಡಾ, ಕಳ್ಳರ ಹುಡುಗಿ ಮೊದಲಾದವರು ಚಿತ್ರಗಾರರ ಕೈಯಿಂದ ಸ್ವತಂತ್ರವಾಗಿ ಮೂಡಿದವರು. ಹೀಗಾಗಿ ಒಂದೇ ಪರದೆಯಲ್ಲಿ ಎರಡು ಜಾತಿಯ ಚಲನೆಗಳು ಎದುರಾಗುತ್ತವೆ: ಒಂದು ಕುಂದಿಲ್ಲದ, ಬೆಚ್ಚಗಾಗದ ನಿಖರತೆ, ಮತ್ತೊಂದು ಎಡವುವ, ಉಸಿರಾಡುವ ಜೀವ. ಯಾವ ದೋಷ ‘ಕೆಂಪು ಹೂವಿ’ಗೆ ತೊಡಕಾಗಿತ್ತೋ ಅದೇ ಇಲ್ಲಿ ರಾಣಿಯ ಸ್ವಭಾವವಾಗಿದೆ. ವಿನ್ಯಾಸಕಾರರಾದ ಲಿಯೊನಿದ್ ಶ್ವಾರ್ತ್ಸ್‌ಮನ್ ಮತ್ತು ಅಲೆಕ್ಸಾಂಡರ್ ವಿನೊಕುರೋವರ ಪಾಲೂ ಇದರಲ್ಲಿ ದೊಡ್ಡದು.

ಕೊನೆಯಲ್ಲಿ ಯುದ್ಧವಿಲ್ಲ. ಗೆರ್ಡಾ ಹೊರಟುಹೋಗೆನ್ನುತ್ತಾಳೆ, ರಾಣಿ ಮೌನವಾಗಿ ಕರಗಿಹೋಗುತ್ತಾಳೆ. ಮಕ್ಕಳ ಚಿತ್ರದಲ್ಲಿ ಇಷ್ಟು ಸದ್ದಿಲ್ಲದ ಗೆಲುವು ಅಪರೂಪ. ಜಪಾನಿನ ಹಯಾವೊ ಮಿಯಜಾಕಿ ಯೌವನದಲ್ಲಿ ಈ ಚಿತ್ರವನ್ನು ಕಂಡು ಅನಿಮೇಷನ್ ಕಲೆಯಲ್ಲಿ ಮತ್ತೆ ನಂಬಿಕೆ ತಳೆದರು.

ಇಳಿವಯಸ್ಸಿನಲ್ಲಿ ಅತಮಾನೋವರು ‘ಗಾವ್ ಎಂಬ ಬೆಕ್ಕಿನಮರಿ’ ಮಾಲಿಕೆಯನ್ನು ಕೈಗೆತ್ತಿಕೊಂಡರು. ಅರಮನೆ, ಹಿಮಗಾಡಿಗಳ ಜಾಗಕ್ಕೆ ಒಂದು ನಾಯಿಮರಿ, ಒಂದು ಬೆಕ್ಕಿನಮರಿ, ಒಂದು ಅಟ್ಟ ಬಂದವು. 1981ರಲ್ಲಿ ಅವರು ನಿಧನರಾದರು.