ಮಾರ್ಕಸ್ ಅರೇಲಿಯಸ್

ಪ್ರಾಚೀನ ರೋಮ್ ಸಾಮ್ರಾಜ್ಯವನ್ನು ಆಳಿದ ಚಕ್ರವರ್ತಿಗಳಲ್ಲಿ ಶೂರರಿದ್ದರು, ಕ್ರೂರರಿದ್ದರು, ವಿಲಾಸಿಗಳೂ ಇದ್ದರು. ತತ್ತ್ವಜ್ಞಾನಿಯೆಂದು ಎಲ್ಲರಿಗಿಂತ ಮಿಗಿಲಾಗಿ ಹೆಸರಾದವನು ಮಾರ್ಕಸ್ ಅರೇಲಿಯಸ್. ಕ್ರಿ.ಶ. 121ರ ಏಪ್ರಿಲ್ 26ರಂದು ರೋಮ್ ನಗರದ ಶ್ರೀಮಂತ ಮನೆತನವೊಂದರಲ್ಲಿ ಅವನು ಜನಿಸಿದನು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡುದರಿಂದ ತಾತನ ಆಶ್ರಯದಲ್ಲಿ ಬೆಳೆದನು. ಹನ್ನೆರಡನೆಯ ವಯಸ್ಸಿಗೇ ತತ್ತ್ವಜ್ಞಾನಿಗಳ ಒರಟು ಉಡುಪನ್ನು ತೊಟ್ಟು, ಬರಿಯ ನೆಲದ ಮೇಲೆ ಮಲಗುವ ವ್ರತವನ್ನು ಹಿಡಿದನು. ತಾಯಿ ಬಹುವಾಗಿ ಒತ್ತಾಯಿಸಿದ ಮೇಲೆಯೇ ಅವನು ಮಂಚದ ಮೇಲೆ ಮಲಗಲು ಒಪ್ಪಿದುದು.

ಆ ಕಾಲದಲ್ಲಿ ರೋಮಿನ ಪಟ್ಟವು ತಂದೆಯಿಂದ ಮಗನಿಗೆ ಬರುತ್ತಿರಲಿಲ್ಲ. ನೆರ್ವ, ಟ್ರೇಜನ್, ಹೇಡ್ರಿಯನ್, ಆಂಟೊನೈನಸ್ ಪಯಸ್ – ಈ ನಾಲ್ವರಿಗೂ ಪಟ್ಟವೇರತಕ್ಕ ಗಂಡುಮಕ್ಕಳು ಉಳಿದಿರಲಿಲ್ಲ. ಆದ್ದರಿಂದ ಒಬ್ಬೊಬ್ಬನೂ ಸಮರ್ಥನಾದವನನ್ನು ದತ್ತು ತೆಗೆದುಕೊಂಡು ರಾಜ್ಯಭಾರವನ್ನು ವಹಿಸಿದನು. 138ರಲ್ಲಿ ಹೇಡ್ರಿಯನನು ಆಂಟೊನೈನಸನನ್ನು ಆರಿಸಿದಾಗ, ಅವನು ಮಾರ್ಕಸನನ್ನೂ ಲೂಸಿಯಸ್ ಎಂಬ ಬಾಲಕನನ್ನೂ ದತ್ತು ಸ್ವೀಕರಿಸಬೇಕೆಂದು ವಿಧಿಸಿದನು. ಹೀಗೆ ಮಾರ್ಕಸನು ಇಪ್ಪತ್ತಮೂರು ವರ್ಷಗಳ ಕಾಲ ಸಾಕುತಂದೆಯ ಬಳಿಯಲ್ಲಿದ್ದು ರಾಜ್ಯಾಡಳಿತವನ್ನು ಕಲಿತನು.

161ರಲ್ಲಿ ಆಂಟೊನೈನಸನು ತೀರಿಕೊಂಡನು. ಮಾರ್ಕಸನು ಲೂಸಿಯಸನಿಗೂ ಸಮಾನ ಪದವಿ ಕೊಡಿಸಿ, ಬಳಿಕ ಸಿಂಹಾಸನವನ್ನೇರಿದನು. ಆದರೆ ಶಾಂತಿಯನ್ನು ಬಯಸಿದ ಅವನ ಪಾಲಿಗೆ ಬಂದುದು ಯುದ್ಧ. ಪೂರ್ವದಲ್ಲಿ ಪಾರ್ಥಿಯನ್ನರು ದಂಡೆತ್ತಿ ಬಂದರು. ಅವರನ್ನು ಸೋಲಿಸಿ ಹಿಂದಿರುಗಿದ ಸೈನ್ಯವು ವಿಜಯದ ಜೊತೆಗೆ ಭೀಕರವಾದ ಸಾಂಕ್ರಾಮಿಕ ರೋಗವನ್ನೂ ಹೊತ್ತು ತಂದಿತು. ಅಸಂಖ್ಯ ಜನರು ಮಡಿದರು. ಅಷ್ಟರಲ್ಲಿ ಉತ್ತರದ ಜರ್ಮನ್ ಬುಡಕಟ್ಟುಗಳು ಡ್ಯಾನ್ಯೂಬ್ ನದಿಯನ್ನು ದಾಟಿ ನುಗ್ಗಿದವು. 169ರಲ್ಲಿ ಲೂಸಿಯಸನೂ ಮರಣಹೊಂದಿದನು. ಬೊಕ್ಕಸವು ಬರಿದಾಗಿತ್ತು. ಪ್ರಜೆಗಳ ಮೇಲೆ ಹೊಸ ತೆರಿಗೆಯನ್ನು ಹೇರಲೊಲ್ಲದೆ, ಮಾರ್ಕಸನು ಅರಮನೆಯ ಚಿನ್ನದ ಪಾತ್ರೆಗಳನ್ನೂ ರೇಷ್ಮೆಯ ಉಡುಪುಗಳನ್ನೂ ಆಭರಣಗಳನ್ನೂ ಬಹಿರಂಗವಾಗಿ ಹರಾಜು ಹಾಕಿಸಿ ಯುದ್ಧದ ವೆಚ್ಚಕ್ಕೆ ಹಣವನ್ನು ಒದಗಿಸಿದನು. ದಂಡಿನ ಪಾಳೆಯದಲ್ಲಿಯೂ ಬಿಡುವು ಮಾಡಿಕೊಂಡು, ತನಗೆ ತಾನೇ ಹೇಳಿಕೊಂಡ ಬುದ್ಧಿಮಾತುಗಳನ್ನು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟನು. ಅವು ಇಂದಿಗೂ ಜಗತ್ತಿನ ಅನೇಕ ಭಾಷೆಗಳಲ್ಲಿ ಓದುಗರನ್ನು ಪಡೆದಿವೆ.

175ರಲ್ಲಿ ಚಕ್ರವರ್ತಿಯು ಸತ್ತನೆಂಬ ಸುಳ್ಳು ಸುದ್ದಿ ಹಬ್ಬಿ, ಸಿರಿಯದ ಅಧಿಪತಿ ಅವಿಡಿಯಸ್ ಕ್ಯಾಸಿಯಸ್ ತಾನೇ ಚಕ್ರವರ್ತಿಯೆಂದು ಸಾರಿಕೊಂಡನು. ಅವನ ಕಡೆಯವರೇ ಅವನನ್ನು ಕೊಂದು ತಲೆಯನ್ನು ಕಳುಹಿಸಿದಾಗ, ಮಾರ್ಕಸನು ಅದನ್ನು ನೋಡಲೂ ಒಪ್ಪದೆ ಹೂಳಿಸಿದನು.

ಇಂತಹ ವಿವೇಕಿಯ ಮುಂದೆ ಕಠಿಣವಾದ ಒಂದು ಪ್ರಶ್ನೆಯಿತ್ತು. ಅವನ ಗಂಡುಮಕ್ಕಳಲ್ಲಿ ಬದುಕುಳಿದವನು ಕೊಮೊಡಸ್ ಒಬ್ಬನೇ. ಅವನನ್ನು ಬಿಟ್ಟು ಬೇರೊಬ್ಬನಿಗೆ ಪಟ್ಟ ಕಟ್ಟಿದರೆ ಅಂತಃಕಲಹ ಹುಟ್ಟುವ ಭಯವಿತ್ತು. ಕಟ್ಟಿದರೆ ಅನನುಭವಿಯ ಕೈಗೆ ಮಹಾಸಾಮ್ರಾಜ್ಯವು ಸೇರುತ್ತಿತ್ತು. 177ರಲ್ಲಿ ಮಾರ್ಕಸನು ಹದಿಹರೆಯದ ಮಗನನ್ನು ಸಹಚಕ್ರವರ್ತಿಯನ್ನಾಗಿ ಮಾಡಿದನು. 180ರ ಮಾರ್ಚ್ 17ರಂದು, ಡ್ಯಾನ್ಯೂಬಿನ ಯುದ್ಧವು ಮುಗಿಯುವ ಮೊದಲೇ ಕಣ್ಮುಚ್ಚಿದನು.

ಕೊಮೊಡಸನು ಶತ್ರುಗಳೊಡನೆ ಸಂಧಿ ಮಾಡಿಕೊಂಡು ರೋಮಿಗೆ ಮರಳಿದನು. ರಾಜ್ಯಭಾರವನ್ನು ಆಪ್ತರಿಗೆ ಬಿಟ್ಟು, ಕತ್ತಿಮಲ್ಲರ ಕಣದಲ್ಲಿ ತಾನೇ ಇಳಿದು ಸೆಣಸಿದನು. ಸಂಶಯಬಂದವರನ್ನೆಲ್ಲ ಕೊಲ್ಲಿಸಿದನು. 192ರ ಡಿಸೆಂಬರ್ 31ರಂದು ಅವನೂ ಕೊಲೆಯಾದನು. ಮರುವರ್ಷ ಅರಮನೆಯ ಕಾವಲುಪಡೆಯವರು ಹೊಸ ಚಕ್ರವರ್ತಿ ಪರ್ಟಿನಾಕ್ಸನನ್ನು ಕೊಂದು, ಸಿಂಹಾಸನವನ್ನೇ ಹರಾಜಿಗಿಟ್ಟರು. ಹೆಚ್ಚು ಹಣ ಕೂಗಿದ ಡಿಡಿಯಸ್ ಜೂಲಿಯಾನಸನು ಅದನ್ನು ಕೊಂಡನು. ಒಂಬತ್ತು ವಾರಗಳಲ್ಲಿ ಅವನ ತಲೆಯೂ ಉರುಳಿತು.

ತಂದೆಯು ರಾಜ್ಯವನ್ನು ಉಳಿಸಲು ಅರಮನೆಯ ಒಡವೆಗಳನ್ನು ಹರಾಜು ಹಾಕಿದ್ದನು. ಮಗನು ಸತ್ತ ಮೂರು ತಿಂಗಳಲ್ಲಿ ರಾಜ್ಯವೇ ಹರಾಜಾಯಿತು. ರೋಮಿನ ಅವನತಿಗೆ ರೋಗ, ಯುದ್ಧ, ಸೈನ್ಯದ ದುರಾಸೆ ಮುಂತಾದ ಕಾರಣಗಳು ಹಲವು. ಆದರೂ ತನ್ನ ಮನಸ್ಸನ್ನು ಗೆದ್ದ ಮಹಾನುಭಾವನಿಗೂ ತನ್ನ ನಂತರದ ಕಾಲವನ್ನು ಗೆಲ್ಲಲಾಗಲಿಲ್ಲ. ಸದ್ಗುಣವು ಆಸ್ತಿಯಂತೆ ತಂದೆಯಿಂದ ಮಗನಿಗೆ ಬರುವುದಿಲ್ಲ. ಅದನ್ನು ಪ್ರತಿಯೊಬ್ಬನೂ ತಾನೇ ಸಂಪಾದಿಸಬೇಕು.